ಬಿಳಿ ಸ್ಪ್ರೂಸ್ ಮರ ಮತ್ತು ಅದರ ಉಪಯೋಗಗಳು

ಮರಗಳಲ್ಲಿ ಕೆಲವು ಕಡಿದ ಮೇಲೆ ಪ್ರಯೋಜನಕ್ಕೆ ಬರತಕ್ಕವು. ಕೆಲವು ನಿಂತಿರುವಾಗಲೇ ಪ್ರಯೋಜನವನ್ನು ಕೊಡತಕ್ಕವು. ಒಂದೇ ಮರದಿಂದ ಈ ಎರಡು ಬಗೆಯ ಪ್ರಯೋಜನವೂ ದೊರೆಯುವುದಕ್ಕೆ ಉತ್ತರ ಅಮೆರಿಕದ ಬಿಳಿ ಸ್ಪ್ರೂಸ್ ಮರವು ಒಳ್ಳೆಯ ನಿದರ್ಶನವಾಗಿದೆ. ಈ ಮರವು ನಮ್ಮ ಸೀಮೆಯಲ್ಲಿ ಬೆಳೆಯತಕ್ಕದ್ದಲ್ಲ; ಇದನ್ನು ತರಿಸಿ ನೆಡಬೇಕೆಂದು ಹೇಳುವುದು ಈ ಲೇಖನದ ಉದ್ದೇಶವೂ ಅಲ್ಲ. ಕೆನಡಾ ದೇಶದ ಬಯಲುಸೀಮೆಯ ಬೇಸಾಯಗಾರರು ತಮ್ಮ ಹೊಲಮನೆಗಳ ರಕ್ಷಣೆಗೆ ಈ ಮರವನ್ನು ಹೇಗೆ ಬಳಸಿಕೊಂಡರು, ಅವರ ಸರ್ಕಾರವು ಅದಕ್ಕೆ ಹೇಗೆ ಸಹಾಯಮಾಡಿತು, ಆ ಮೇಲೆ ಏನಾಯಿತು ಎಂಬ ಸಂಗತಿಗಳು ಗ್ರಾಮದ ಮುಖಂಡರೂ ಭೂಮಿಯುಳ್ಳವರೂ ತಿಳಿಯತಕ್ಕವಾಗಿವೆ.

ಮರದ ವರ್ಣನೆ

ಬಿಳಿ ಸ್ಪ್ರೂಸ್ ಮರವು ಪೈನ್ ಮರದ ಕುಟುಂಬಕ್ಕೆ ಸೇರಿದುದು. ಹಿಮಾಲಯದ ದೇವದಾರುವೂ ಇದೇ ಕುಟುಂಬದ್ದು. ಸಸ್ಯಶಾಸ್ತ್ರಜ್ಞರು ಇದನ್ನು ಪೈಸಿಯ ಗ್ಲಾಕಾ ಎಂದು ಕರೆಯುವರು. ಇದರ ಎಲೆಗಳು ಅಗಲವಾಗಿರದೆ ಸೂಜಿಯಂತೆ ಮೊನಚಾಗಿ, ಅರ್ಧದಿಂದ ಮುಕ್ಕಾಲು ಅಂಗುಲ ಉದ್ದವಾಗಿ, ನಾಲ್ಕು ಮೂಲೆಗಳುಳ್ಳವಾಗಿರುತ್ತವೆ. ಒಂದು ಎಲೆಯನ್ನು ಬೆರಳುಗಳ ನಡುವೆ ಹೊರಳಿಸಿದರೆ ಅದರ ಮೂಲೆಗಳು ಕೈಗೆ ತಿಳಿಯುತ್ತವೆ. ಎಲೆಗಳ ಮೇಲೆ ಬೂದಿ ಎರಚಿದಂತೆ ತೆಳುವಾದ ಮೇಣದ ಲೇಪವಿರುವುದರಿಂದ ಮರವು ದೂರಕ್ಕೆ ನೀಲಿಬೆರೆತ ಹಸುರಾಗಿ ಕಾಣುವುದು. ಎಲೆಗಳನ್ನು ಉಜ್ಜಿದರೆ ಅಹಿತವಾದ ವಾಸನೆ ಬರುವುದು. ಆದಕಾರಣ ಅಲ್ಲಿಯ ಜನರು ಇದಕ್ಕೆ ಬೆಕ್ಕಿನ ಸ್ಪ್ರೂಸ್ ಎಂಬ ಅಡ್ಡಹೆಸರನ್ನು ಇಟ್ಟಿದ್ದಾರೆ.

ಮರವು ಸಾಮಾನ್ಯವಾಗಿ 50ರಿಂದ 100 ಅಡಿಗಳವರೆಗೆ ನೆಟ್ಟಗೆ ಬೆಳೆದು, ಬುಡದಲ್ಲಿ ಅಗಲವಾಗಿಯೂ ತುದಿಯಲ್ಲಿ ಚೂಪಾಗಿಯೂ ಗೋಪುರದ ಆಕಾರವನ್ನು ತಾಳುವುದು. ಬಯಲಿನಲ್ಲಿ ಒಂಟಿಯಾಗಿ ನಿಂತ ಮರದ ಕೊಂಬೆಗಳು ನೆಲದವರೆಗೂ ಹಬ್ಬಿರುತ್ತವೆ. 200ರಿಂದ 300 ವರ್ಷಗಳವರೆಗೆ ಬದುಕುವುದುಂಟು. ಇದರ ಕಾಯಿಗಳು ಎರಡು ಅಂಗುಲದಷ್ಟು ಉದ್ದವಾಗಿ, ತೆಳ್ಳಗಿನ ಹೊಪ್ಪಳೆಗಳನ್ನು ಒಂದರ ಮೇಲೊಂದು ಜೋಡಿಸಿದಂತಿರುತ್ತವೆ. ಹೊಪ್ಪಳೆಗಳು ಬಿಚ್ಚಿಕೊಂಡಾಗ ರೆಕ್ಕೆಯುಳ್ಳ ಸಣ್ಣ ಬೀಜಗಳು ಗಾಳಿಗೆ ಹಾರಿಹೋಗುವುವು. ಒಂದು ಪೌಂಡು ತೂಕದಲ್ಲಿ ಸುಮಾರು 2,40,000 ಬೀಜಗಳಿರುವುವೆಂದರೆ ಅವುಗಳ ಸೂಕ್ಷ್ಮತೆಯನ್ನು ಊಹಿಸಬಹುದು.

ಹವಾಗುಣ ಮತ್ತು ಭೂಮಿ

ಪೂರ್ವದಲ್ಲಿ ನ್ಯೂಫೌಂಡ್‌ಲೆಂಡಿನಿಂದ ಪಶ್ಚಿಮದಲ್ಲಿ ಅಲಾಸ್ಕದವರೆಗೆ, ಉತ್ತರದಲ್ಲಿ ಮರಗಳು ಬೆಳೆಯಬಲ್ಲ ಕೊನೆಯ ಗಡಿಯವರೆಗೆ ಈ ಮರವು ಹರಡಿಕೊಂಡಿದೆ. ಚಳಿಗಾಲದಲ್ಲಿ ಸೊನ್ನೆಗಿಂತ 54 ಸೆಂಟಿಗ್ರೇಡ್ ಡಿಗ್ರಿಗಳಷ್ಟು ಕೆಳಕ್ಕಿಳಿಯುವ ಶೀತವನ್ನೂ, ಬೇಸಗೆಯಲ್ಲಿ 34 ಡಿಗ್ರಿಗಳ ಸೆಕೆಯನ್ನೂ ಇದು ತಾಳಬಲ್ಲದು. ವರ್ಷಕ್ಕೆ 10 ಅಂಗುಲ ಮಳೆ ಬೀಳುವ ಒಳನಾಡಿನಲ್ಲಿಯೂ, 50 ಅಂಗುಲ ಮಳೆಯಾಗುವ ಪೂರ್ವಸಮುದ್ರದ ಕರೆಯಲ್ಲಿಯೂ ಬೆಳೆಯುವುದು. ನೀರು ಬಸಿದುಹೋಗುವ ಗೋಡುಮಣ್ಣು ಇದಕ್ಕೆ ಹೆಚ್ಚು ಹಿತಕರವಾದುದು. ನೀರು ನಿಂತು ಕೊಳೆಯುವ ಜೌಗುಭೂಮಿಯಲ್ಲಿ ಏಳಿಗೆಯಾಗಲಾರದು. ಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲಿಯೇ ಹರಡುವುವಾದ್ದರಿಂದ ಬೆಂಕಿಯು ನೆಲದ ಮೇಲೆ ಹರಿದರೆ ಮರವು ಸುಲಭವಾಗಿ ಸಾಯುವುದು.

ಕೆನಡಾದ ಮ್ಯಾನಿಟೋಬಾ ಪ್ರಾಂತವು 1991ರಲ್ಲಿ ಈ ಮರವನ್ನು ತನ್ನ ಪ್ರಾಂತದ ಮರವೆಂದು ಅಂಗೀಕರಿಸಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪೈಕಿ ದಕ್ಷಿಣ ಡಕೋಟವು ಇದರ ಒಂದು ಪ್ರಭೇದವನ್ನು 1947ರಲ್ಲಿಯೇ ತನ್ನ ರಾಜ್ಯದ ಮರವಾಗಿ ಮಾಡಿಕೊಂಡಿತು.

ಮೂಲನಿವಾಸಿಗಳ ಬಳಕೆ

ಯೂರೋಪಿನವರು ಕಾಲಿಡುವುದಕ್ಕೆ ಬಹಳ ಮುಂಚೆಯೇ ಉತ್ತರದ ಕಾಡುಗಳಲ್ಲಿ ವಾಸಿಸುತ್ತಿದ್ದ ಜನರು ಈ ಮರದ ಯಾವ ಭಾಗವನ್ನೂ ವ್ಯರ್ಥಮಾಡುತ್ತಿರಲಿಲ್ಲ. ಉದ್ದವಾದ ಬೇರುಗಳನ್ನು ಅಗೆದು ತೆಗೆದು, ನೆನೆಯಿಸಿ, ತೊಗಟೆ ಸುಲಿದು, ಸೀಳಿ, ನಾರಿನ ಹುರಿಯಂತೆ ಉಪಯೋಗಿಸುತ್ತಿದ್ದರು. ನಮ್ಮಲ್ಲಿ ಭೂರ್ಜಪತ್ರವೆಂದು ಪ್ರಸಿದ್ಧವಾದ ತೊಗಟೆಯನ್ನು ಕೊಡುವ ಜಾತಿಯ ಮರವೇ ಅಲ್ಲಿಯೂ ಉಂಟು. ಅದರ ತೊಗಟೆಯಿಂದ ಹಗುರವಾದ ದೋಣಿಗಳನ್ನು ಮಾಡಿ, ಅವುಗಳ ಅಂಚುಗಳನ್ನು ಸ್ಪ್ರೂಸ್ ಬೇರಿನಿಂದ ಹೊಲಿದು, ಹೊಲಿಗೆಯ ಸಂದುಗಳಿಗೆ ಅದೇ ಮರದ ರಾಳವನ್ನು ಕಾಯಿಸಿ ಬಳಿದು, ನೀರು ಒಸರದಂತೆ ಮಾಡುತ್ತಿದ್ದರು. ಎಳೆಯ ಕೊಂಬೆಗಳನ್ನು ಹಾಸಿಗೆಗೆ ಹರಡಿಕೊಳ್ಳುತ್ತಿದ್ದರು. ತೊಗಟೆಯನ್ನು ಗುಡಿಸಲುಗಳಿಗೆ ಹೊದಿಸುತ್ತಿದ್ದರು.

ಎಲೆಗಳನ್ನು ಕುದಿಸಿ ಕಷಾಯಮಾಡಿ ಕುಡಿಯುವ ವಾಡಿಕೆಯೂ ಇದ್ದಿತು. ಈ ಎಲೆಗಳಲ್ಲಿ ಸಿ ಜೀವಸತ್ವವಿರುವುದು. ಹಸಿಯ ತರಕಾರಿ ಹಣ್ಣುಗಳಿಲ್ಲದ ದೀರ್ಘವಾದ ಚಳಿಗಾಲದಲ್ಲಿ ಒಸಡುಗಳು ಕೊಳೆತು ಮನುಷ್ಯರು ಸಾಯುವ ಸ್ಕರ್ವಿ ರೋಗಕ್ಕೆ ಇದು ಪರಿಹಾರವಾಗಿತ್ತು. ಫ್ರಾನ್ಸಿನ ನಾವಿಕನಾದ ಜಾಕ್ ಕಾರ್ಟಿಯೇ ಎಂಬವನ ಹಡಗುಗಳು 1535-36ರ ಚಳಿಗಾಲದಲ್ಲಿ ಈಗಿನ ಕ್ವಿಬೆಕ್ ನಗರದ ಬಳಿ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡುವು. ಅವನ ಜನರಲ್ಲಿ 25 ಮಂದಿ ಈ ರೋಗದಿಂದ ಸತ್ತರು. ಅಲ್ಲಿಯ ಮೂಲನಿವಾಸಿಗಳು ಒಂದು ಮರದ ಎಲೆ ಮತ್ತು ತೊಗಟೆಯ ಕಷಾಯವನ್ನು ತೋರಿಸಿಕೊಟ್ಟ ಮೇಲೆ ಉಳಿದವರು ಗುಣಹೊಂದಿದರು. ಆ ಮರವು ಬಿಳಿ ಸ್ಪ್ರೂಸ್ ಎಂದು ಕೆಲವರೂ, ಬಿಳಿ ಸೀಡರ್ ಮುಂತಾದ ಬೇರೆ ಮರವೆಂದು ಕೆಲವರೂ ಹೇಳುವರು. ಅದು ಯಾವುದೇ ಆಗಿರಲಿ, ಪುಸ್ತಕದ ವಿದ್ಯೆಯಿಲ್ಲದ ಜನರಲ್ಲಿಯೂ ಮರಗಿಡಗಳ ಗುಣವನ್ನು ಬಲ್ಲ ಜ್ಞಾನವಿರುವುದೆಂಬುದಕ್ಕೆ ಇದು ಸಾಕ್ಷಿಯಾಗಿದೆ.

ಮರಮುಟ್ಟು

ಇದರ ಚೌಬೀನೆಯು ಬಿಳುಪಾಗಿ, ಹಗುರವಾಗಿ, ಎಳೆಗಳು ನೆಟ್ಟಗಿರುವುದರಿಂದ ಕೊಯ್ಯುವುದಕ್ಕೂ ಹತ್ತರಿ ಹಿಡಿಯುವುದಕ್ಕೂ ಸುಲಭವಾಗಿದೆ. ಒಣಗಿದ ಮರದ ಒಂದು ಘನ ಅಡಿಯು ಸುಮಾರು 27 ಪೌಂಡು ತೂಗುವುದು. ನಮ್ಮ ತೇಗವು ಅಷ್ಟೇ ಅಳತೆಗೆ ಸುಮಾರು 40 ಪೌಂಡು ತೂಗುವುದು. ತೂಕಕ್ಕೆ ಹೋಲಿಸಿದರೆ ಸ್ಪ್ರೂಸ್ ಮರದ ಬಲವು ಒಳ್ಳೆಯದೇ ಆದರೂ, ತೇಗದಂತೆ ಇದು ಮಳೆ ಗೆದ್ದಲುಗಳನ್ನು ತಾಳತಕ್ಕದ್ದಲ್ಲ; ನೆಲಕ್ಕೆ ತಗಲಿದರೆ ಬೇಗನೆ ಕೊಳೆಯುವುದು. ಆದುದರಿಂದ ಮನೆಯ ಒಳಗಿನ ಚೌಕಟ್ಟು, ತೊಲೆ, ಹಲಗೆಗಳಿಗೆ ಹೆಚ್ಚಾಗಿ ಬಳಸುವರು. ಕೆನಡಾದ ಮರದ ವ್ಯಾಪಾರದಲ್ಲಿ ಸ್ಪ್ರೂಸ್, ಪೈನ್, ಫರ್ ಎಂಬ ಮೂರು ಬಗೆಯ ಮರಗಳನ್ನು ಒಂದೇ ಗುಂಪಾಗಿ ಸೇರಿಸಿ ಮಾರುವ ವಾಡಿಕೆಯುಂಟು. ಮರಕ್ಕೆ ವಾಸನೆಯಾಗಲಿ ರುಚಿಯಾಗಲಿ ಇಲ್ಲದಿರುವುದರಿಂದ ಆಹಾರಪದಾರ್ಥಗಳನ್ನು ತುಂಬುವ ಪೆಟ್ಟಿಗೆಗಳಿಗೂ ಇದು ಯೋಗ್ಯವಾದುದು. ಪಿಯಾನೋ ಮುಂತಾದ ವಾದ್ಯಗಳಲ್ಲಿ ನಾದವನ್ನು ಹೆಚ್ಚಿಸುವ ಹಲಗೆಗೂ ಉಪಯೋಗವಾಗುವುದು.

ಕಾಗದ

ಲೋಕಕ್ಕೆ ಈ ಜಾತಿಯ ಮರದಿಂದ ಆದ ಅತಿಶಯವಾದ ಉಪಕಾರವು ಕಾಗದವೇ ಸರಿ. ಹಿಂದೆ ಯೂರೋಪು ಅಮೆರಿಕಗಳಲ್ಲಿ ಹರಕು ಬಟ್ಟೆಗಳಿಂದ ಕಾಗದವನ್ನು ಮಾಡುತ್ತಿದ್ದರು. ಓದುಬರಹ ಹೆಚ್ಚಿದಂತೆ ಬಟ್ಟೆ ಸಾಲದೆ ಹೋಯಿತು. ಕೆನಡಾದ ನೋವಸ್ಕೋಷಿಯಾ ಪ್ರಾಂತದ ಚಾರ್ಲ್ಸ್ ಫೆನರ್ಟಿ ಎಂಬವನು ಸ್ಪ್ರೂಸ್ ಮರವನ್ನು ಅರೆದು ತಾನು ಮಾಡಿದ ಕಾಗದದ ತುಂಡನ್ನು 1844ರಲ್ಲಿ ಹ್ಯಾಲಿಫಾಕ್ಸಿನ ಒಂದು ಪತ್ರಿಕೆಗೆ ಕಳುಹಿಸಿದನು. ಹೆಚ್ಚು ಕಡಮೆ ಅದೇ ಕಾಲದಲ್ಲಿ ಜರ್ಮನಿಯ ಕೆಲ್ಲರ್ ಎಂಬವನೂ ಇದೇ ಉಪಾಯವನ್ನು ಕಂಡುಹಿಡಿದನು. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ವೃತ್ತಪತ್ರಿಕೆಗಳೆಲ್ಲವೂ ಮರದ ತಿರುಳಿನ ಕಾಗದದ ಮೇಲೆಯೇ ಅಚ್ಚಾಗತೊಡಗಿದುವು.

ಇದಕ್ಕೆ ಕಾರಣವು ಎಳೆಯ ಉದ್ದ. ಬಿಳಿ ಸ್ಪ್ರೂಸಿನ ಒಂದೊಂದು ಎಳೆಯೂ ಸುಮಾರು 3 ಮಿಲಿಮೀಟರು ಉದ್ದವಿರುವುದು. ನೀಲಗಿರಿ ಮರದ ಎಳೆಯು 1 ಮಿಲಿಮೀಟರಿನಷ್ಟೇ. ಉದ್ದವಾದ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಕಾಗದಕ್ಕೆ ಬಲವನ್ನು ಕೊಡುವುವು. ನಮ್ಮಲ್ಲಿ 1936ರಲ್ಲಿ ಭದ್ರಾವತಿಯಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯವರು ಬಿದಿರನ್ನು ಆರಿಸಿಕೊಂಡುದಕ್ಕೂ ಇದೇ ನ್ಯಾಯವು ಅನ್ವಯಿಸುವುದು: ಉಷ್ಣದೇಶದಲ್ಲಿ ಸುಲಭವಾಗಿ ದೊರೆತು ಉದ್ದವಾದ ಎಳೆಯನ್ನು ಕೊಡತಕ್ಕ ಸಸ್ಯವು ಬಿದಿರು.

ಬಯಲುಸೀಮೆಯಲ್ಲಿ ಗಾಳಿತಡೆ

ಇದುವರೆಗೆ ಹೇಳಿದುದು ಕಡಿದ ಮರದ ಉಪಯೋಗ. ಇನ್ನು ನಿಂತ ಮರದ ವಿಚಾರಕ್ಕೆ ಬರುವೆವು.

ಕೆನಡಾದ ಮ್ಯಾನಿಟೋಬಾ, ಸಸ್ಕ್ಯಾಚವಾನ್, ಆಲ್ಬರ್ಟಾ ಪ್ರಾಂತಗಳ ದಕ್ಷಿಣ ಭಾಗವು ಮರಗಳಿಲ್ಲದ ವಿಶಾಲವಾದ ಹುಲ್ಲುಬಯಲು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಲುರಸ್ತೆಯಾದ ಮೇಲೆ ಜನರು ಬಂದು ನೆಲೆಸಿ ಗೋದಿಯನ್ನು ಬಿತ್ತಿದರು. ತಡೆಯೇ ಇಲ್ಲದ ಆ ಬಯಲಿನಲ್ಲಿ ಗಾಳಿಯು ಬೇಸಗೆಯಲ್ಲಿ ಉತ್ತ ನೆಲದ ಮಣ್ಣನ್ನು ಹಾರಿಸಿಕೊಂಡುಹೋಗುತ್ತಿತ್ತು. ಚಳಿಗಾಲದಲ್ಲಿ ಮನೆಯನ್ನೂ ದನಕರುಗಳನ್ನೂ ಕೊರೆಯುತ್ತಿತ್ತು. ಇದನ್ನು ಕಂಡು ಸರ್ಕಾರದವರು 1901ರಲ್ಲಿ ರೈತರಿಗೆ ಸಸಿಗಳನ್ನು ಹಂಚುವ ಏರ್ಪಾಟನ್ನು ಮಾಡಿದರು. ಅದಕ್ಕಾಗಿ ಸಸ್ಕ್ಯಾಚವಾನಿನ ಇಂಡಿಯನ್ ಹೆಡ್ ಎಂಬ ಊರಿನಲ್ಲಿ ಸಸ್ಯಕ್ಷೇತ್ರವನ್ನು ಸ್ಥಾಪಿಸಿದರು. ನಾರ್ಮನ್ ರಾಸ್ ಎಂಬವನು ಅದರ ಮೊದಲನೆಯ ಮೇಲ್ವಿಚಾರಕನು.

ಆ ಏರ್ಪಾಟಿನ ಕ್ರಮವು ಗಮನಿಸತಕ್ಕದ್ದಾಗಿದೆ. ಕೇಳಿದವರಿಗೆಲ್ಲಾ ಒಡನೆಯೇ ಸಸಿಗಳನ್ನು ಕೊಡುತ್ತಿರಲಿಲ್ಲ. ರೈತನು ಅರ್ಜಿ ಸಲ್ಲಿಸಿದ ಮೇಲೆ ಇಲಾಖೆಯ ಇನ್‌ಸ್ಪೆಕ್ಟರು ಅವನ ಜಮೀನಿಗೆ ಹೋಗಿ, ಗಾಳಿಯ ದಿಕ್ಕನ್ನೂ ಮಣ್ಣನ್ನೂ ನೋಡಿ, ಎಲ್ಲಿ ಎಷ್ಟು ಸಾಲು ನೆಡಬೇಕೆಂದು ನಕ್ಷೆಯನ್ನು ಮಾಡಿಕೊಡುತ್ತಿದ್ದನು. ರೈತನು ಆ ಜಾಗವನ್ನು ಮುಂಚಿತವಾಗಿ ಉತ್ತು, ಕಳೆಯಿಲ್ಲದಂತೆ ಹದಮಾಡಿ ಇಟ್ಟಿದ್ದರೆ ಮಾತ್ರ ಸಸಿಗಳು ಬರುತ್ತಿದ್ದುವು. ಹೀಗೆ ದುಡಿದವನ ಕೈಗೆ ಬಂದ ಸಸಿಯು ವ್ಯರ್ಥವಾಗುತ್ತಿರಲಿಲ್ಲ.

ಹೊರಸಾಲುಗಳಲ್ಲಿ ಬೇಗ ಬೆಳೆಯುವ ಪೊದೆ ಮತ್ತು ಎಲೆ ಉದುರುವ ಮರಗಳನ್ನೂ, ಒಳಸಾಲಿನಲ್ಲಿ ಬಿಳಿ ಸ್ಪ್ರೂಸನ್ನೂ ನೆಡುತ್ತಿದ್ದರು. ಬೇರೆ ಮರಗಳು ಚಳಿಗಾಲದಲ್ಲಿ ಬರಿದಾಗಿ ನಿಂತಾಗ ಗಾಳಿಯು ಅವುಗಳ ನಡುವೆ ನುಗ್ಗುವುದು. ಸ್ಪ್ರೂಸ್ ಮರವಾದರೋ ವರ್ಷವೆಲ್ಲಾ ಹಸುರಾಗಿದ್ದು, ಬುಡದಿಂದ ತುದಿಯವರೆಗೆ ಕೊಂಬೆಗಳನ್ನು ಹೊತ್ತು, ಗಾಳಿಗೆ ಅಡ್ಡವಾಗಿ ನಿಲ್ಲುವುದು. ಮನೆಯ ಒಲೆಗೆ ಬೇಕಾಗುವ ಸೌದೆ ಕಡಮೆಯಾಯಿತು. ದನಗಳಿಗೆ ಮರೆ ದೊರೆಯಿತು. ಹೊಲಗಳಲ್ಲಿ ಹಿಮವು ಹಾರಿಹೋಗದೆ ನಿಂತು, ಕರಗಿ, ಮಣ್ಣಿಗೆ ತೇವವನ್ನು ಕೊಟ್ಟಿತು. 1930ರಿಂದೀಚೆಗೆ ಬಂದ ಘೋರವಾದ ಬರಗಾಲದಲ್ಲಿ ಮಣ್ಣು ಮೋಡಗಳಂತೆ ಎದ್ದು ಹಾರಿದಾಗ ಸರ್ಕಾರದವರು 1935ರಲ್ಲಿ ಬಯಲುಸೀಮೆಯ ಪುನರುದ್ಧಾರಕ್ಕಾಗಿ ಕಾನೂನನ್ನೇ ಮಾಡಿ, ಮರಸಾಲುಗಳನ್ನು ಇನ್ನೂ ಹೆಚ್ಚಾಗಿ ನೆಡಿಸಿದರು.

ಸಸಿಗಳನ್ನು ಬೆಳೆಸುವ ಕ್ರಮ

ಬೇಸಗೆ ಮುಗಿಯುವಾಗ ಕಾಯಿಗಳು ಬಿಚ್ಚಿಕೊಳ್ಳುವುದಕ್ಕೆ ಮುಂಚೆ ಕೊಯ್ದು, ಒಣಗಿಸಿ, ಬೀಜವನ್ನು ಬಿಡಿಸುವರು. ಮೊಳೆಯುವುದಕ್ಕೆ ಮುಂಚೆ ಬೀಜಕ್ಕೆ ಕೆಲವು ವಾರ ತೇವವೂ ತಂಪೂ ತಗಲಿದರೆ ಒಳ್ಳೆಯದು. ಪಾತಿಗಳಲ್ಲಿ ಕಾಲಂಗುಲದ ಆಳಕ್ಕೆ ಬಿತ್ತಿ, ಮೊದಲನೆಯ ಬೇಸಗೆಯಲ್ಲಿ ನೆರಳು ಮಾಡುವರು. ಎರಡು ವರ್ಷಗಳಾದ ಮೇಲೆ ಬೇರೆ ಪಾತಿಗೆ ಕಿತ್ತುನೆಟ್ಟು, ಮತ್ತೆ ಒಂದೆರಡು ವರ್ಷ ಇಟ್ಟುಕೊಂಡು, ಅನಂತರ ರೈತರಿಗೆ ಕೊಡುವರು. ಕಿತ್ತ ಸಸಿಯ ಬೇರು ಬಿಸಿಲಿಗೆ ಒಣಗಿದರೆ ಅದು ಪುನಃ ಚಿಗುರಲಾರದು. ಆದುದರಿಂದ ಒದ್ದೆಯಾದ ಪಾಚಿಯಲ್ಲಿ ಸುತ್ತಿ ಕಳುಹಿಸುತ್ತಿದ್ದರು. ನೆಟ್ಟ ಮೇಲೆಯೂ ಮೊದಲಿನ ಕೆಲವು ವರ್ಷ ಬೆಳೆವಣಿಗೆ ಬಹಳ ನಿಧಾನ. ನೆಲೆಯೂರಿದ ಮೇಲೆ ವರ್ಷಕ್ಕೆ ಸುಮಾರು ಒಂದು ಅಡಿಯಂತೆ ಏರುವುದು. ನೆಟ್ಟವನಿಗೆ 30 ವಯಸ್ಸಾಗಿದ್ದರೆ ಪೂರ್ಣವಾದ ಮರೆಯು ದೊರೆಯುವಾಗ ಅವನಿಗೆ 60 ದಾಟಿರುವುದು. ಕಾಡಿನಲ್ಲಿ ಚೌಬೀನೆಗೆ ಕಡಿಯಬೇಕಾದರೆ 80ರಿಂದ 120 ವರ್ಷಗಳು ಬೇಕು.

ಶತ್ರುಗಳು

ಸ್ಪ್ರೂಸ್ ಮೊಗ್ಗುಹುಳುವೆಂಬ ಕಂಬಳಿಹುಳುವು ಎಳೆಯ ಚಿಗುರನ್ನು ತಿನ್ನುವುದು. ಸುಮಾರು 30ರಿಂದ 40 ವರ್ಷಗಳಿಗೊಮ್ಮೆ ಇದರ ಹಾವಳಿಯು ವಿಪರೀತವಾಗಿ, ಕಾಡುಕಾಡುಗಳೇ ಬರಿದಾಗುವುದುಂಟು. ತೊಗಟೆಯ ಕೆಳಗೆ ಕೊರೆಯುವ ಒಂದು ದುಂಬಿಯು ಇನ್ನೂ ಅಪಾಯಕರವಾದುದು. 1990ರಿಂದ 2000ದ ವರೆಗಿನ ವರ್ಷಗಳಲ್ಲಿ ಅಲಾಸ್ಕದ ಕೀನೈ ಪರ್ಯಾಯದ್ವೀಪದಲ್ಲಿ ಈ ದುಂಬಿಯಿಂದ ಲಕ್ಷಾಂತರ ಎಕರೆ ಸ್ಪ್ರೂಸ್ ಕಾಡು ಒಣಗಿಹೋಯಿತು. ಬೇಸಗೆಯ ಶಾಖವು ಹೆಚ್ಚಿದುದರಿಂದ, ಎರಡು ವರ್ಷಗಳಲ್ಲಿ ಪೂರ್ಣವಾಗುತ್ತಿದ್ದ ದುಂಬಿಯ ಸಂತತಿಯು ಒಂದೇ ವರ್ಷದಲ್ಲಿ ಪೂರ್ಣವಾಗತೊಡಗಿದುದು ಇದಕ್ಕೆ ಒಂದು ಮುಖ್ಯ ಕಾರಣವೆಂದು ತಜ್ಞರು ಕಂಡುಕೊಂಡರು.

ಮರಸಾಲಿಗೆ ಹುಳುವಿಗಿಂತ ಹೆಚ್ಚಿನ ಶತ್ರುವು ಮನುಷ್ಯನ ಅವಸರ. ಕಾಲಕ್ರಮದಲ್ಲಿ ಕೆನಡಾದ ಬಯಲುಸೀಮೆಯಲ್ಲಿ ಹಿಡುವಳಿಗಳು ದೊಡ್ಡವಾದುವು. ಉಳುವ ಮತ್ತು ಬಿತ್ತುವ ಯಂತ್ರಗಳು ಅಗಲವಾದುವು. ಯಂತ್ರವನ್ನು ತಿರುಗಿಸುವುದಕ್ಕೆ ಅಡ್ಡಿಯೆಂದು ಅನೇಕರು ತಾತಂದಿರು ನೆಟ್ಟ ಸಾಲುಗಳನ್ನು ಬುಡಸಹಿತ ಕಿತ್ತುಹಾಕಿದರು. ಒಂದು ತಲೆಮಾರಿನವರು ಕಾದು ಬೆಳೆಸಿದುದನ್ನು ಯಂತ್ರವು ಒಂದು ದಿವಸದಲ್ಲಿ ಉರುಳಿಸಿತು. 60 ಕೋಟಿಗೂ ಮೇಲ್ಪಟ್ಟು ಸಸಿಗಳನ್ನು ಹಂಚಿದ ಇಂಡಿಯನ್ ಹೆಡ್ಡಿನ ಏರ್ಪಾಟನ್ನು ಅಲ್ಲಿಯ ಕೇಂದ್ರ ಸರ್ಕಾರವು 2013ರಲ್ಲಿ ನಿಲ್ಲಿಸಿಬಿಟ್ಟಿತು. ಮರವು ಹೋದ ಜಾಗದಲ್ಲಿ ಗಾಳಿಯು ಮಾತ್ರ ಮೊದಲಿನಂತೆಯೇ ಬೀಸುವುದು.

ನಮ್ಮ ಸೀಮೆಗೆ ಅನ್ವಯಿಸುವ ಅಂಶಗಳು

ದೀರ್ಘವಾದ ಹಿಮದ ನಿದ್ರೆಯಿಲ್ಲದೆ ಬಿಳಿ ಸ್ಪ್ರೂಸ್ ಮರವು ಏಳಿಗೆಯಾಗಲಾರದು. ಭಾರತದಲ್ಲಿ ಸ್ಪ್ರೂಸ್ ಜಾತಿಯ ಮರಗಳು ಸ್ವಾಭಾವಿಕವಾಗಿ ಬೆಳೆಯುವುದು ಹಿಮಾಲಯದ ಎತ್ತರದ ಇಳಿಜಾರುಗಳಲ್ಲಿ ಮಾತ್ರ. ಬೆಂಗಳೂರಿನ ತೋಟಗಳಲ್ಲಿ ಕ್ರಿಸ್‌ಮಸ್ ಮರವೆಂದು ಕರೆಯಿಸಿಕೊಳ್ಳುವುದು ಅರಾಕೇರಿಯ ಎಂಬ ಬೇರೆ ಜಾತಿ. ಸರ್ವೆ ಮರವು ನೋಡುವುದಕ್ಕೆ ಸೂಜಿಯೆಲೆಯದಾಗಿ ಕಂಡರೂ ಇದಕ್ಕೆ ಯಾವ ಸಂಬಂಧವೂ ಇಲ್ಲ. ಆದರೆ ಗಾಳಿತಡೆಯ ಕೆಲಸದಲ್ಲಿ ಅಲ್ಲಿ ಸ್ಪ್ರೂಸ್ ಹೇಗೋ ಇಲ್ಲಿ ಸರ್ವೆ ಹಾಗೆ. 1868ರಲ್ಲಿ ಕಾರವಾರದ ಮರಳುತೀರದಲ್ಲಿ ಅದನ್ನು ನೆಟ್ಟುದು ಪ್ರಸಿದ್ಧವಾಗಿದೆ. ಸ್ಪ್ರೂಸಿಗಿಂತ ಅದು ಎಷ್ಟೋ ಬೇಗ ಬೆಳೆಯುವುದು.

ಮರವು ಯಾವುದಾದರೂ ಗಾಳಿತಡೆಯ ಲೆಕ್ಕವು ಒಂದೇ. ಸಾಲಿನ ಎತ್ತರದ ಹತ್ತರಷ್ಟು ದೂರದವರೆಗೆ ಗಾಳಿಯ ರಭಸವು ಚೆನ್ನಾಗಿ ತಗ್ಗುವುದು. 30 ಅಡಿ ಎತ್ತರ, 660 ಅಡಿ ಉದ್ದದ ಸಾಲು 300 ಅಡಿಗಳವರೆಗೆ, ಎಂದರೆ ಸುಮಾರು 4 ಎಕರೆ 22 ಗುಂಟೆಗೆ ಮರೆಯಾಗುವುದು. ಎರಡು ಸಾಲಿಗೆ 24 ಅಡಿ ಅಗಲ ಬಿಟ್ಟರೆ ಮರಗಳಿಗೆ ಹೋಗುವ ನೆಲವು ಹದಿನಾಲ್ಕೂವರೆ ಗುಂಟೆ. ಮರದ ಬೇರು ನೆರಳುಗಳಿಂದ ಬುಡದ ಬಳಿ 30 ಅಡಿಗಳಷ್ಟು ಅಗಲಕ್ಕೆ, ಎಂದರೆ 18 ಗುಂಟೆಯಲ್ಲಿ ಬೆಳೆ ಕುಂದುವುದು. ಈ ನಷ್ಟವನ್ನು ಮುಚ್ಚಿಡದೆ ಲೆಕ್ಕಕ್ಕೆ ಹಿಡಿದರೂ 4 ಎಕರೆ 4 ಗುಂಟೆಗೆ ರಕ್ಷಣೆಯು ಉಳಿಯುವುದು. ಸಾಲು ಗೋಡೆಯಂತೆ ಒತ್ತಾಗಿರಬಾರದು. ಒತ್ತಾದ ಗೋಡೆಯನ್ನು ಹಾರಿದ ಗಾಳಿಯು ಆಚೆಗೆ ಸುಳಿಯಾಗಿ ಬೀಳುವುದು. ಸುಮಾರು ಅರ್ಧದಷ್ಟು ಗಾಳಿಯು ಸೋಸಿಹೋಗುವಂತಿದ್ದರೆ ಮರೆಯು ದೂರದವರೆಗೆ ಮುಟ್ಟುವುದು. ಸಾಲಿನ ನಡುವೆ ಕಿಂಡಿ ಬಿದ್ದರೆ ಅಲ್ಲಿ ಗಾಳಿಯು ಹೆಚ್ಚಿನ ರಭಸದಿಂದ ನುಗ್ಗುವುದಾದ್ದರಿಂದ ಸತ್ತ ಸಸಿಯ ಜಾಗದಲ್ಲಿ ಮರುವರ್ಷವೇ ಬೇರೊಂದನ್ನು ನೆಡತಕ್ಕದ್ದು.

ಗ್ರಾಮದ ಮುಖಂಡರು ಇನ್ನೆರಡು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು. ಒಂದನೆಯದು, ನೆರೆಯವನ ಹೊಲದ ಬದುವಿಗೆ ಅಂಟಿಕೊಂಡಂತೆ ಮರಗಳನ್ನು ನೆಟ್ಟರೆ ಗಾಳಿ ತಗ್ಗುವುದಕ್ಕೆ ಮೊದಲು ವ್ಯಾಜ್ಯವು ಏಳುವುದು. ಮುಂಚಿತವಾಗಿ ಇಬ್ಬರೂ ಕುಳಿತು ಮಾತಾಡಿ, ಸಾಧ್ಯವಾದರೆ ಇಬ್ಬರ ನೆಲದಲ್ಲಿಯೂ ಒಂದೊಂದು ಸಾಲಿನಂತೆ ನೆಡುವುದು ಮೇಲು. ಮರೆಯು ಇಬ್ಬರಿಗೂ ದೊರೆಯುವುದು. ಎರಡನೆಯದು, ಅಣ್ಣತಮ್ಮಂದಿರು ಪಾಲಾಗುವಾಗ ಮರಸಾಲಿರುವ ಭಾಗವು ಒಬ್ಬನಿಗೆ ಬರುವುದು. ಅವನಿಗೆ ನೆರಳಿನ ನಷ್ಟ, ಇತರರಿಗೆ ಮರೆಯ ಲಾಭ. ಹೀಗಾದರೆ ಅವನು ಕಡಿದು ಮಾರುವುದು ಸಹಜವೇ ಆಗಿದೆ. ಆದಕಾರಣ ಪಾಲುಪಟ್ಟಿಯನ್ನು ಬರೆಯಿಸುವಾಗಲೇ ಮರಸಾಲು ಎಲ್ಲರಿಗೂ ಸಮಾನವಾದುದೆಂದೂ, ಒಣಗಿದ ಮರದ ಹುಟ್ಟುವಳಿಯಲ್ಲಿ ಎಲ್ಲರಿಗೂ ಭಾಗವುಂಟೆಂದೂ, ಒಬ್ಬನೇ ಕಡಿಯಕೂಡದೆಂದೂ ಸ್ಪಷ್ಟವಾಗಿ ಸೇರಿಸಬೇಕು. ಕೆನಡಾದಲ್ಲಿ ಯಂತ್ರವು ಮಾಡಿದ ಕೆಲಸವನ್ನು ನಮ್ಮಲ್ಲಿ ಪಾಲು ಮಾಡಿಬಿಡುವ ಭಯವಿದೆ.

ಸಸಿಗಳನ್ನು ಹಂಚುವ ಸಂಸ್ಥೆಯು ಇಂದು ಇದ್ದು ನಾಳೆ ಇಲ್ಲವಾಗಬಹುದು. ಹೊಲದ ಅಂಚಿನಲ್ಲಿ ಬೇರೂರಿದ ಮರವು ನಿಂತಿರುವುದು. ಆದುದರಿಂದ ಮಳೆಗಾಲಕ್ಕೆ ಮುಂಚೆಯೇ ಗಾಳಿ ಬೀಸುವ ಪಡುವಣ ಮತ್ತು ನೈಋತ್ಯದ ಅಂಚುಗಳನ್ನು ಗುರುತುಮಾಡಿ, ಗುಂಡಿಗಳನ್ನು ತೆಗೆಸಿ, ಸಸಿಗಳನ್ನು ಗೊತ್ತುಮಾಡಿಕೊಳ್ಳತಕ್ಕದ್ದು. ಯಾವ ಮಣ್ಣಿಗೆ ಯಾವ ಮರವೆಂಬ ಸಂದೇಹವಿದ್ದಲ್ಲಿ ಸಮೀಪದ ಕೃಷಿ ಇಲಾಖೆಯ ಅಧಿಕಾರಿಗಳನ್ನು ವಿಚಾರಿಸಬಹುದು.